ಗುಳಿಗಿಯ ಬಾಕಿ ಯಾರು ಕೇಳಬೇಕು?

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್ಸೆಸ್ಸೆಲ್ಸಿವರೆಗೆ ಓದಿ ನೇಗಿಲು ಹಿಡಿದವರು. ಮಾತನಾಡುವುದರಲ್ಲಿ ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು. ಬೆಳ್ಳಿ ಹಬ್ಬ ಎಂದ ಮೇಲೆ ಸಂಘದ ಷೇರು, ಠೇವು, ಸಾಲ ವಸೂಲಿಯ ಲೆಕ್ಕ ಹೇಳುವುದು ರೂಢಿ. ಆ ಲೆಕ್ಕವನ್ನು ಅಧ್ಯಕ್ಷರು ಚೆನ್ನಾಗಿ ಹೇಳಿದ್ದಾರೆ. ನಾವು ಇನ್ನೊಂದು ಬಾಕಿಯ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೇವೆ. ಅದು ಎದೆಯ ರೋಗದವರ ಗುಳಿಗಿಯ ಬಾಕಿ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತನ ಕಷ್ಟ ಎಂದರೆ ಸಾಹುಕಾರನ ಬಡ್ಡಿ. ಇವತ್ತು ರೈತನ ಮನೆ ಮುರಿಯುವುದಕ್ಕೆ ಬಡ್ಡಿಯೇ ಬೇಕಿಲ್ಲ, ಒಂದು ರಾತ್ರಿಯ ಎದೆನೋವು ಸಾಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ಅವರು ತೀರಿಕೊಂಡಾಗ ಅವರಿಗೆ 46 ವರ್ಷ. ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಅವತ್ತು ಊರಿನ ಹುಡುಗರು ಅತ್ತರು, ನಾವೂ ಅತ್ತೆವು. ಆದರೆ ನಮ್ಮ ಬಿಪಿ ಎಷ್ಟಿದೆ ಎಂದು ಮರುದಿನ ಹೋಗಿ ನೋಡಿಸಿಕೊಂಡವರು ಎಷ್ಟು ಜನ? ನಾವಂತೂ ನೋಡಿಸಿಕೊಳ್ಳಲಿಲ್ಲ.

ಈಗ ನಮ್ಮ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, ಊರಿಗೆಲ್ಲ ಕಾಕಾ ಆಗಿದ್ದವರು, ನಿಮಗೆಲ್ಲ ಗೊತ್ತು. ಅವರಿಗೆ ಬೆಳಗಾವಿಯ ಒಂದು ದವಾಖಾನೆಯಲ್ಲಿ ಸ್ಟೆಂಟ್ ಹಾಕಿದರು. ಮನೆಗೆ ಬರುವಾಗ ಕೈಯಲ್ಲಿ ಒಂದು ಚೀಲ ಗುಳಿಗಿ, ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ. ಕಾಗದದಲ್ಲಿ ಏನಿದೆ ಎಂದು ಅವರಿಗೂ ಗೊತ್ತಿರಲಿಲ್ಲ, ಅವರ ಮಗನಿಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳಿಗೆ ಗುಳಿಗಿ ತೀರಿದವು. ಕಾಕಾ ನಮ್ಮ ಮನೆಗೆ ಬಂದು, "ಬೆಳಗಾವಿಗೆ ಹೋಗೋದಿತ್ತಪಾ, ನಿನ್ನ ಗಾಡಿ ಸಿಕ್ಕೀತೇನು?" ಎಂದರು. ನಾವು, "ಕಾಕಾ, ಕಬ್ಬಿನ ಗ್ಯಾಂಗ್ ಬಂದೈತ್ರಿ, ಒಂದೆಂಟು ದಿನ ತಡೀರಿ. ಈಗ ಆರಾಮ ಅದೀರಲ್ಲ" ಎಂದೆವು. ಎಂಟು ದಿನ ಹೋಗಿ ಇಪ್ಪತ್ತು ದಿನ ಆಯಿತು. ಒಂದು ರಾತ್ರಿ ಅವರ ಮಗ ಬಂದು ಬಾಗಿಲು ಬಡಿದ. ಅದೇ ಗಾಡಿಯಲ್ಲಿ ಕರೆದುಕೊಂಡು ಹೊರಟೆವು. ಖಾನಾಪುರ ಮುಟ್ಟುವುದರೊಳಗೆ ಕಾಕಾ ನಮ್ಮನ್ನು ಬಿಟ್ಟು ಹೋದರು.

ಗುಳಿಗಿ ತಪ್ಪಿದ್ದೇ ಕಾರಣ ಎಂದು ಹೇಳಲು ನಾವು ಡಾಕ್ಟರಲ್ಲ. ಆದರೆ ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗಿಗಳನ್ನು ನಾವಾಗಿಯೇ ಬಿಟ್ಟರೆ ಆ ಸ್ಟೆಂಟಿನೊಳಗೇ ರಕ್ತ ಗಟ್ಟಿಯಾಗಬಹುದು ಎಂಬ ಮಾತನ್ನು ನಾವು ಆಮೇಲೆ ಕೇಳಿ ತಿಳಿದೆವು. ಮೊದಲೇ ಗೊತ್ತಿದ್ದರೆ ಗ್ಯಾಂಗನ್ನು ಬಿಟ್ಟು ಹೋಗುತ್ತಿದ್ದೆವು. ಯಾರಾದರೂ ಹೇಳಬೇಕಾಗಿತ್ತು, ಯಾರಾದರೂ ಕೇಳಬೇಕಾಗಿತ್ತು. ಸಂಘದ ಸಾಲದ ಕಂತು ಒಂದು ತಿಂಗಳು ತಪ್ಪಿದರೆ ನಮ್ಮ ಸೆಕ್ರೆಟರಿಯವರು ಸೈಕಲ್ ಮೋಟಾರು ಹತ್ತಿಕೊಂಡು ಮನೆ ಬಾಗಿಲಿಗೆ ಬರುತ್ತಾರೆ. ಕಾಕಾನ ಗುಳಿಗಿ ಇಪ್ಪತ್ತು ದಿನ ತಪ್ಪಿತು, ಯಾರೂ ಬರಲಿಲ್ಲ.

ಬಾಂಧವರೇ, ಈಗ ಕೇಳುವವರು ಇದ್ದಾರೆ. ಅದನ್ನು ಹೇಳುವುದಕ್ಕೇ ನಾವು ಇಲ್ಲಿ ನಿಂತಿದ್ದೇವೆ. ನಮ್ಮ ಆರೋಗ್ಯ ಉಪಕೇಂದ್ರದಲ್ಲಿ ಈಗ ಸಿಎಚ್‌ಓ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ. ನಾವೆಲ್ಲ ಅವರಿಗೆ ನರ್ಸ್ ಬಾಯಾರು ಎನ್ನುತ್ತೇವೆ. ಅವರು ನರ್ಸಿಂಗ್ ಓದಿದವರು. ಅವರ ಕೈಯಲ್ಲಿ ಇ-ಸಂಜೀವಿನಿ ಎಂಬ ಸರಕಾರದ ವ್ಯವಸ್ಥೆ ಇದೆ. 2019ರಲ್ಲಿ ಆರಂಭವಾದದ್ದು. ಬಾಯಾರು ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಬಿಪಿ, ಸಕ್ಕರೆ, ತೂಕ ನೋಡಿ, ದೂರದಲ್ಲಿರುವ ಡಾಕ್ಟರನ್ನು ಪರದೆಯ ಮೇಲೆ ಕರೆಯುತ್ತಾರೆ. ಡಾಕ್ಟರು ರೋಗಿಯನ್ನು ಮಾತನಾಡಿಸಿ ಔಷಧ ಬರೆಯುತ್ತಾರೆ. ಔಷಧ ಬರೆಯುವುದು ಡಾಕ್ಟರೇ, ಬಾಯಾರಲ್ಲ. ಆದರೆ ಡಾಕ್ಟರಿಗೆ ಕಣ್ಣು, ಕಿವಿ, ಕೈ ಆಗುವವರು ಬಾಯಾರು.

ಇದು ಹೊಸ ಸುದ್ದಿ ಎಂದು ತಿಳಿಯಬೇಡಿ. ನಮ್ಮ ರಾಜ್ಯದಲ್ಲಿ 2002ರ ಸುಮಾರಿಗೇ ಇಸ್ರೋದ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಆಗ ಎಚ್.ಡಿ. ಕೋಟೆ ತಾಲೂಕಿನಲ್ಲಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿದ್ದರು. ಆಗ ಅದಕ್ಕೆ ಛತ್ರಿಯಂಥ ದೊಡ್ಡ ಆಂಟೆನಾ ಬೇಕಿತ್ತು. ಈಗ ಅಂಗೈಯಗಲದ ಫೋನು ಸಾಕು. ಅದೇ ಕಾಲಕ್ಕೆ, 2003ರಲ್ಲಿ, ಸಹಕಾರಿ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಬಂತು. ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ರೈತನಿಗೆ ಶಸ್ತ್ರಚಿಕಿತ್ಸೆಯ ಆಸರೆ ಸಿಕ್ಕಿತು. ಆಗ ನಮ್ಮ ಸಂಘ ಇನ್ನೂ ಎರಡು ಮೂರು ವರ್ಷದ ಕೂಸು. 2018ರಲ್ಲಿ ನಿಂತಿದ್ದ ಯಶಸ್ವಿನಿ 2022-23ರಲ್ಲಿ ಮತ್ತೆ ಆರಂಭವಾಯಿತು. ಹೃದಯದ ರೋಗಕ್ಕೂ ಸಹಕಾರಕ್ಕೂ ಹಳೆಯ ನಂಟಿದೆ ಎಂದು ತೋರಿಸಲು ಇದನ್ನು ಹೇಳಿದೆವು.

ಬಾಯಾರ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಓಣಿಯದೇ ಉದಾಹರಣೆ. ಒಬ್ಬ ಆಯಿಗೆ ಹೃದಯ ದುರ್ಬಲ. ಬಾಯಾರು ಪ್ರತಿ ಸೋಮವಾರ ಫೋನು ಮಾಡುತ್ತಾರೆ. "ಆಯಿ, ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ? ಕಾಲು ಬಾತಾವೇನು? ಗುಳಿಗಿ ಎಷ್ಟು ಉಳಿದಾವ?" ಇಷ್ಟೇ ಪ್ರಶ್ನೆ. ನಮಗೆ ಮೊದಲು ನಗು ಬರುತ್ತಿತ್ತು. ಒಂದು ಸೋಮವಾರ ಆಯಿ, ಮೂರು ದಿಂಬು ಬೇಕಾಗ್ಯಾವ, ಚಪ್ಪಲಿ ಬಿಗಿ ಆಗ್ಯಾವ ಎಂದರು. ಬಾಯಾರು ತಕ್ಷಣ ಮನೆಗೆ ಬಂದು ತೂಕ ಹಾಕಿದರು. ಮೂರು ದಿನದಲ್ಲಿ ಎರಡು ಕಿಲೋ ಏರಿತ್ತು. ಅದು ಮೈಗೆ ಹತ್ತಿದ್ದಲ್ಲ, ಮೈಯಲ್ಲಿ ನಿಂತ ನೀರು. ಪರದೆಯ ಮೇಲೆ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಅದೇ ದಿನ ಖಾನಾಪುರದ ತಾಲೂಕು ಆಸ್ಪತ್ರೆಗೆ ಕಳಿಸಲು ಹೇಳಿದರು. ನಾಲ್ಕು ದಿನಕ್ಕೆ ಆಯಿ ನಡೆದುಕೊಂಡು ಮನೆಗೆ ಬಂದರು. ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಇನ್ನೊಂದು ಮಾತು. ನಮ್ಮ ತಾಲೂಕಿನಲ್ಲಿ ಕೆಲವು ಮನೆಗಳಲ್ಲಿ ಕನ್ನಡ, ಕೆಲವು ಮನೆಗಳಲ್ಲಿ ಮರಾಠಿ. ಪರದೆಯ ಮೇಲಿನ ಡಾಕ್ಟರು ಬೇರೆ ಕಡೆಯವರಿದ್ದರೆ "ಛಾತೀತ ದುಖತಯ" ಎಂದರೂ ತಿಳಿಯುವುದಿಲ್ಲ, "ಎದಿ ಹಿಂಡಿದಂಗ ಆಗತೈತಿ" ಎಂದರೂ ಪೂರಾ ತಿಳಿಯುವುದಿಲ್ಲ. ಬಾಯಾರಿಗೆ ಎರಡೂ ಗೊತ್ತು. ಯಾರು ಉಪ್ಪಿನಕಾಯಿ, ಹಪ್ಪಳ ಬಿಟ್ಟಿಲ್ಲ, ಯಾರು ಕದ್ದು ಬೀಡಿ ಸೇದುತ್ತಾರೆ ಎಂಬುದೂ ಗೊತ್ತು!

ಯಂತ್ರ ದೊಡ್ಡದೋ ಮನುಷ್ಯ ದೊಡ್ಡವನೋ ಎಂದು ನಾವು ತಾಲೂಕಿನ ಡಾಕ್ಟರೊಬ್ಬರನ್ನು ಕೇಳಿದೆವು. ಅವರು ಒಂದು ಅಧ್ಯಯನದ ಬಗ್ಗೆ ಹೇಳಿದರು. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ರೋಗಿಗಳ ಮೇಲೆ 'ಎಂ-ವೆಲ್‌ಕೇರ್' ಎಂಬ ಪರೀಕ್ಷೆ ನಡೆಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಕೇಂದ್ರಗಳ ನರ್ಸ್‌ಗಳಿಗೆ ಸಲಹೆ ಕೊಡುವ ಟ್ಯಾಬ್ ಕೊಟ್ಟಿದ್ದರು. ಉಳಿದರ್ಧ ಕಡೆ ತರಬೇತಿ ಮತ್ತು ಚಾರ್ಟು ಮಾತ್ರ. ಒಂದು ವರ್ಷದ ನಂತರ ನೋಡಿದರೆ ಎರಡೂ ಕಡೆ ಬಿಪಿ ಇಳಿದಿತ್ತು. ಟ್ಯಾಬ್ ಇದ್ದ ಕಡೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಎರಡೂ ಕಡೆ ಇದ್ದದ್ದು ಏನು? ತರಬೇತಿಯಾದ ನರ್ಸು. ಫೋನು, ಟ್ಯಾಬು ದಾರಿ ಇದ್ದಂತೆ; ದಾರಿಯಲ್ಲಿ ನಡೆಯುವವರು ಬೇಕಲ್ಲ ಎಂದು ನಮಗೆ ಅನ್ನಿಸಿತು.

ಆದರೆ ಒಂದು ಎಚ್ಚರಿಕೆಯ ಮಾತನ್ನು ಮರೆಯಬಾರದು. ಎದೆ ಹಿಂಡಿದಂತಾಗಿ ಬೆವರು ಬಂದು, ನೋವು ಎಡಗೈಗೆ, ಗದ್ದಕ್ಕೆ ಹರಿದರೆ ಪರದೆಯ ಮುಂದೆ ಕೂರುವ ಹೊತ್ತಲ್ಲ ಅದು. ಗ್ಯಾಸ್ ಆಗಿದೆ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ. 108ಕ್ಕೆ ಫೋನು ಮಾಡಿ ಹೊರಡಬೇಕು. 2023ರಲ್ಲಿ ಸರಕಾರ ಪುನೀತ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಘೋಷಿಸಿ, ಹಂತ ಹಂತವಾಗಿ ತಾಲೂಕು ಆಸ್ಪತ್ರೆಗಳಿಗೆ ವಿಸ್ತರಿಸಿದೆ. ಅಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಎಂದು ಖಚಿತವಾದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಅಗತ್ಯವಿದ್ದವರಿಗೆ ಉಚಿತವಾಗಿ ಕೊಡುತ್ತಾರೆ. ಅಲ್ಲಿಂದ ಮುಂದೆ ದೊಡ್ಡ ದವಾಖಾನೆಗೆ ಹೋಗುವವರೆಗೆ ಜೀವ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ನಮ್ಮ ಊರಿಗೆ ಡಾಂಬರು ರಸ್ತೆಯಾದರೂ ಇದೆ. ಕಣಕುಂಬಿ, ಜಾಂಬೋಟಿ ಕಡೆಯ ಭೀಮಗಡ ಕಾಡಿನ ಊರುಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಬಿದಿರಿಗೆ ಕಟ್ಟಿ ಹೊತ್ತು ತರುವ ಫೋಟೋಗಳನ್ನು ಪೇಪರಿನಲ್ಲಿ ನೋಡಿದ್ದೇವೆ. ಅಂಥ ಕಡೆ ಫೋನಿಗೆ ರೇಂಜ್ ಸಿಗುವುದೇ ಕಷ್ಟ. ರಸ್ತೆ ಬೇಡ, ಫೋನು ಸಾಕು ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ರಸ್ತೆಯೂ ಬೇಕು, ರೇಂಜೂ ಬೇಕು, ಬಾಯಾರೂ ಬೇಕು.

ಈಗ ನಮ್ಮ ಸೂಚನೆ. ಬೆಳ್ಳಿ ಹಬ್ಬದ ನೆನಪಿಗೆ ಊರ ಅಗಸಿಯ ಮುಂದೆ ಸಂಘದ ಹೆಸರಿನ ಕಮಾನು ಕಟ್ಟಿಸಬೇಕೆಂದು ಮಾತು ನಡೆದಿದೆ. ಕಮಾನು ಚಂದ, ನಮ್ಮ ವಿರೋಧವಿಲ್ಲ. ಆದರೆ ಅದರ ಖರ್ಚಿನಲ್ಲಿ ಒಂದು ಪಾಲು ತೆಗೆದು ನಾಲ್ಕು ಕೆಲಸ ಮಾಡೋಣ. ಒಂದು, ಸಂಘದ ಕಚೇರಿಯಲ್ಲಿ ಒಂದು ಬಿಪಿ ಮಷಿನ್ನು, ಒಂದು ತೂಕದ ಮಷಿನ್ನು ಇಡೋಣ. ಗೊಬ್ಬರ ಒಯ್ಯಲು ಬಂದವರು ತೂಕ ನೋಡಿಕೊಂಡು ಹೋಗಲಿ. ಎರಡು, ಕರೆಂಟು ಹೋದಾಗ ಡಾಕ್ಟರ ಮಾತು ಅರ್ಧಕ್ಕೇ ನಿಲ್ಲದಂತೆ ಉಪಕೇಂದ್ರಕ್ಕೆ ಒಂದು ಇನ್ವರ್ಟರ್ ಕೊಡೋಣ. ಮೂರು, ರೋಗಿಗಳು ಒಪ್ಪಿದರೆ, ಬಾಯಾರು ಹೇಳಿದ ಮನೆಗೆ ಗುಳಿಗಿ ತಂದುಕೊಡಲು ಸಂಘದ ಒಬ್ಬ ಹುಡುಗನನ್ನು ನೇಮಿಸೋಣ. ಬೆಳಗಾವಿಗೆ ಹೋಗುವ ನಮ್ಮ ಗಾಡಿಗಳು ಖಾಲಿ ಬರುವ ಬದಲು ಔಷಧ ತರಲಿ. ನಾಲ್ಕು, ಯಶಸ್ವಿನಿ ನೋಂದಣಿಯ ತಾರೀಖು ಬಂದಾಗ ಸದಸ್ಯರ ಮನೆಗೆ ಹೋಗಿ ಹೇಳೋಣ. ವಸೂಲಿಗೆ ಹೋಗುವ ಕಾಲು ಇದಕ್ಕೂ ಹೋಗಲಿ.

ಈ ಸೂಚನೆ ಪಾಸಾದರೂ ಆಗದಿದ್ದರೂ ನಾವು ನಮ್ಮ ಗಾಡಿಯ ಮಾತು ಕೊಡುತ್ತೇವೆ. ದವಾಖಾನೆಗೆ ಹೋಗುವವರು ಇದ್ದರೆ ಹಗಲಾಗಲಿ ರಾತ್ರಿಯಾಗಲಿ ಬಂದು ಬಾಗಿಲು ಬಡಿಯಿರಿ. ಗ್ಯಾಂಗ್ ಬಂದೈತಿ, ಎಂಟು ದಿನ ತಡೀರಿ ಎಂಬ ಮಾತು ನಮ್ಮ ಬಾಯಿಂದ ಇನ್ನೊಮ್ಮೆ ಬರುವುದಿಲ್ಲ. ಕಾಕಾನ ಮಗ ಈ ಸಭೆಯಲ್ಲಿ ಕುಳಿತಿದ್ದಾನೆ. ಅವನ ಎದುರಿಗೇ ಈ ಮಾತು ಹೇಳುತ್ತಿದ್ದೇವೆ.

ಊಟಕ್ಕೆ ಹೋಗುವ ಮುಂಚೆ ಪೆಂಡಾಲಿನ ಬಲಗಡೆ ಬಾಯಾರು ಬಿಪಿ ಮಷಿನ್ನು ಇಟ್ಟುಕೊಂಡು ಕುಳಿತಿದ್ದಾರೆ, ತಪ್ಪದೆ ನೋಡಿಸಿಕೊಂಡು ಹೋಗಿರಿ. ಮೊದಲು ನಾವೇ ತೋಳು ಮಡಚಿ ಕೂರುತ್ತೇವೆ.

ಜೈ ಸಹಕಾರ.