ಕಾರಿನೊಳಗೆ ಮಾತು ನಿಲ್ಲಿಸಿದ್ದು ಯಾರು?

ಕಾರು ಓಡುತ್ತಿದೆ. 50ರ ಹತ್ತಿರ ಇದ್ದ ವೇಗದ ಮುಳ್ಳು ತಟ್ಟನೆ ಸೊನ್ನೆಗೆ ಬೀಳುತ್ತದೆ. ಅದರ ಪಕ್ಕದಲ್ಲೇ ಎಬಿಎಸ್ ಎಂಬ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಚಕ್ರಗಳು ಮಾತ್ರ ಮೊದಲಿನಂತೆಯೇ ತಿರುಗುತ್ತಿವೆ. ಹಾಗಾದರೆ ಮುಳ್ಳು ಕೆಟ್ಟಿತೇ? ಇಂಥ ಸಂದರ್ಭದಲ್ಲಿ ಬಹುಪಾಲು ಮುಳ್ಳಿನದೇನೂ ತಪ್ಪಿರುವುದಿಲ್ಲ. ವೇಗ ಎಷ್ಟೆಂದು ಅದಕ್ಕೆ ತಿಳಿಸುತ್ತಿದ್ದ ಸಂದೇಶ ಬರುವುದು ನಿಂತಿರುತ್ತದೆ.

ಇಂದಿನ ಕಾರಿನಲ್ಲಿ ಪುಟ್ಟ ಪುಟ್ಟ ಕಂಪ್ಯೂಟರ್‌ಗಳು ಹಲವಾರು ಇರುತ್ತವೆ. ಮೆಕ್ಯಾನಿಕ್‌ಗಳು ಅವನ್ನು ಮಾಡ್ಯೂಲ್ ಅನ್ನುತ್ತಾರೆ. ಎಂಜಿನ್ನಿಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು, ಡ್ಯಾಶ್‌ಬೋರ್ಡಿಗೊಂದು. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಮೊದಲು ತಿಳಿಯುವುದು ಬ್ರೇಕಿನ ಎಬಿಎಸ್ ಮಾಡ್ಯೂಲಿಗೆ. ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಆ ಸಂಖ್ಯೆಯನ್ನು ಅದರಿಂದಲೇ ಪಡೆದು ಮುಳ್ಳನ್ನು ತಿರುಗಿಸುತ್ತದೆ.

ಪ್ರತಿ ಮಾಡ್ಯೂಲಿನಿಂದ ಪ್ರತಿ ಮಾಡ್ಯೂಲಿಗೂ ಬೇರೆ ಬೇರೆ ತಂತಿ ಎಳೆದಿದ್ದರೆ ಕಾರಿನ ತುಂಬ ತಂತಿಯೇ ಆಗುತ್ತಿತ್ತು. ಇದಕ್ಕೆ ಪರಿಹಾರ ಹುಡುಕಿದವರು ಜರ್ಮನಿಯ ಬಾಷ್ ಕಂಪನಿಯ ಎಂಜಿನಿಯರ್‌ಗಳು. 1983ರಲ್ಲಿ ಕೆಲಸ ಶುರುಮಾಡಿ, 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅದನ್ನು ಜಗತ್ತಿನ ಮುಂದಿಟ್ಟರು. ಹೆಸರು ಕ್ಯಾನ್. ಇದರಲ್ಲಿ ಇರುವುದು ಎರಡೇ ತಂತಿ. ಎಲ್ಲ ಮಾಡ್ಯೂಲ್‌ಗಳೂ ಆ ಎರಡಕ್ಕೇ ಸೇರಿಕೊಂಡಿರುತ್ತವೆ. ಒಂದೇ ಕೋಣೆಯಲ್ಲಿ ಕೂತವರಂತೆ, ಒಬ್ಬರು ಆಡಿದ್ದು ಎಲ್ಲರಿಗೂ ಕೇಳಿಸುತ್ತದೆ, ಬೇಕಾದವರು ತೆಗೆದುಕೊಳ್ಳುತ್ತಾರೆ.

ಆ ಎರಡು ತಂತಿಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯಾವ ಮಾಡ್ಯೂಲೂ ಏನನ್ನೂ ಕಳಿಸದಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ. ಸಂದೇಶ ಹೋಗುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಮಾಡ್ಯೂಲ್ ಗಮನಿಸುವುದು ಇವೆರಡರ ನಡುವಿನ ಅಂತರವನ್ನು, ಅಂದರೆ 2 ವೋಲ್ಟನ್ನು. ಎಂಜಿನ್ನಿನ ಕಿಡಿಯಿಂದಲೋ ಮೋಟಾರಿನಿಂದಲೋ ವಿದ್ಯುತ್ತಿನ ಗದ್ದಲ ನುಗ್ಗಿ ಎರಡೂ ತಂತಿಗಳಿಗೆ ಅರ್ಧ ಅರ್ಧ ವೋಲ್ಟ್ ಸೇರಿತು ಅನ್ನಿ. ಒಂದು 4 ಆಯಿತು, ಇನ್ನೊಂದು 2. ಕಳೆದು ನೋಡಿ, ಅಂತರ ಆಗಲೂ 2! ಗದ್ದಲ ಎರಡಕ್ಕೂ ಸಮನಾಗಿ ತಾಕಲೆಂದೇ ಅವನ್ನು ಒಂದಕ್ಕೊಂದು ಹೊಸೆದಿರುತ್ತಾರೆ. ಇಷ್ಟು ಸರಳವಾದ ಉಪಾಯ ಇಷ್ಟು ದೊಡ್ಡ ಕೆಲಸ ಮಾಡುವುದನ್ನು ಕಂಡರೆ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಈಗ ನಮ್ಮ ಕಾರಿಗೆ ಬರೋಣ. ಮೆಕ್ಯಾನಿಕ್ ಸ್ಟೇರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚುತ್ತಾರೆ. ಪರದೆಯ ಮೇಲೆ ಯು0121 ಎಂದು ಬರುತ್ತದೆ. ಎಬಿಎಸ್ ಮಾಡ್ಯೂಲಿನ ಸಂಪರ್ಕ ತಪ್ಪಿದೆ ಎಂದು ಇದರ ಅರ್ಥ. ‘ಯು’ನಿಂದ ಶುರುವಾಗುವ ಕೋಡುಗಳು ಬಹುಪಾಲು ಇಂಥ ಮಾತುಕತೆಯ ದೂರುಗಳೇ. ಇಲ್ಲಿ ಅವಸರ ಮಾಡಬಾರದು. ದೂರು ಕೊಟ್ಟಿರುವುದು ಎಬಿಎಸ್ ಅಲ್ಲ, ಬೇರೆ ಮಾಡ್ಯೂಲ್‌ಗಳು. “ಅದರ ಮಾತು ನಮಗೆ ಕೇಳಿಸುತ್ತಿಲ್ಲ” ಎಂದಷ್ಟೇ ಅವು ಹೇಳುತ್ತಿವೆ. ಮಾಡ್ಯೂಲ್ ಕೆಟ್ಟಿದೆ ಎಂದು ಯಾರೂ ಹೇಳಿಲ್ಲ. ಇದನ್ನು ಮರೆತು ದುಬಾರಿ ಮಾಡ್ಯೂಲನ್ನೇ ಬದಲಿಸಿದರೆ ಹಣವೂ ಹೋಯಿತು, ದೀಪವೂ ಆರಲಿಲ್ಲ ಎಂಬಂತಾಗಬಹುದು.

ಒಳ್ಳೆಯ ಮೆಕ್ಯಾನಿಕ್ ದೂರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಎಲ್ಲರೂ ಒಬ್ಬರ ಬಗ್ಗೆಯೇ ದೂರುತ್ತಿದ್ದರೆ ಹುಡುಕಾಟ ಆ ಮಾಡ್ಯೂಲಿನ ಸುತ್ತಲೇ: ಅದರ ಫ್ಯೂಸ್, ಅರ್ತ್ ತಂತಿ, ತಂತಿಗಳನ್ನು ಜೋಡಿಸುವ ಕಪ್ಲರ್, ಅದಕ್ಕೆ ಹೋಗುವ ಕವಲು ತಂತಿ. ಎಲ್ಲರೂ ಎಲ್ಲರ ಬಗ್ಗೆಯೂ ದೂರುತ್ತಿದ್ದರೆ ಎಲ್ಲರಿಗೂ ಸೇರಿದ ಆ ಎರಡು ತಂತಿಗಳ ಮೇಲೆಯೇ ಅನುಮಾನ.

ತಂತಿಯನ್ನು ಪರೀಕ್ಷಿಸುವ ಬಗೆ ತುಂಬಾ ಚೆಂದ. ಜೋಡಿ ತಂತಿಯ ಎರಡು ತುದಿಗಳಲ್ಲೂ ವಿದ್ಯುತ್ತಿಗೆ 120 ಓಮಿನಷ್ಟು ತಡೆಯೊಡ್ಡುವ ಒಂದೊಂದು ರೆಸಿಸ್ಟರ್ ಇರುತ್ತದೆ. ಸಂದೇಶ ತುದಿ ಮುಟ್ಟಿ ಹಿಂದಕ್ಕೆ ಪುಟಿದು ಬರದಿರಲಿ ಎಂದು ಅವನ್ನು ಇಟ್ಟಿರುತ್ತಾರೆ. ಬ್ಯಾಟರಿ ಸಂಪರ್ಕ ತೆಗೆದು, ಅದೇ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದರೆ ಅನೇಕ ಕಾರುಗಳಲ್ಲಿ 60 ಓಮ್ ತೋರಿಸುತ್ತದೆ. 120 ಅಲ್ಲವೇ ಬರಬೇಕಿತ್ತು? ವಿದ್ಯುತ್ತಿಗೆ ಹರಿಯಲು ಎರಡು ದಾರಿ ಇರುವುದರಿಂದ ತಡೆ ಅರ್ಧಕ್ಕೆ ಇಳಿಯುತ್ತದೆ. ಮೀಟರ್ 120 ತೋರಿಸಿದರೆ ಒಂದು ದಾರಿ ಮುಚ್ಚಿದೆ, ಅಂದರೆ ನಡುವೆ ಎಲ್ಲೋ ತಂತಿ ತುಂಡಾಗಿದೆ ಅಥವಾ ಒಂದು ತುದಿಯ ರೆಸಿಸ್ಟರ್ ಹೋಗಿದೆ. ಸೊನ್ನೆಯ ಹತ್ತಿರ ತೋರಿಸಿದರೆ ಎರಡೂ ತಂತಿಗಳು ಒಂದಕ್ಕೊಂದು ತಾಗಿಕೊಂಡಿವೆ. ಬಾನೆಟ್ಟಿನ ಕೆಳಗೆ ಬೆಚ್ಚಗಿರುವ ಜಾಗ ಹುಡುಕಿ ಬರುವ ಇಲಿಗಳು ಇಂಥ ಕೆಲಸ ಮಾಡಿಬಿಡುತ್ತವೆ.

60 ಬಂದ ಮಾತ್ರಕ್ಕೆ ಎಲ್ಲವೂ ಸರಿ ಅನ್ನುವಂತಿಲ್ಲ. ಕವಲು ತಂತಿ ಮಾತ್ರ ತುಂಡಾಗಿದ್ದರೆ ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ.

ಮಾಡ್ಯೂಲ್ ತಾನಾಗಿಯೇ ಸುಮ್ಮನಾಗುವುದೂ ಉಂಟು. ಪ್ರತಿ ಮಾಡ್ಯೂಲಿನೊಳಗೂ ತಪ್ಪುಗಳ ಲೆಕ್ಕವಿದೆ. ಕಳಿಸಿದ ಸಂದೇಶ ಕೆಟ್ಟರೆ ಲೆಕ್ಕಕ್ಕೆ 8 ಕೂಡುತ್ತದೆ, ಸರಿಯಾಗಿ ತಲುಪಿದರೆ 1 ಕಳೆಯುತ್ತದೆ. ಲೆಕ್ಕ 255 ದಾಟಿದರೆ ಮಾಡ್ಯೂಲ್ ತಂತಿಯಿಂದ ಹಿಂದೆ ಸರಿದುಬಿಡುತ್ತದೆ. ತನ್ನ ಗೊಂದಲದಿಂದ ಬ್ರೇಕು, ಎಂಜಿನ್ನುಗಳ ಮಾತಿಗೆ ಅಡ್ಡಿಯಾಗಬಾರದೆಂದು ಮಾಡಿದ ಏರ್ಪಾಡು ಇದು.

ನಮ್ಮ ಕಾರಿನಲ್ಲಿ ಮೀಟರ್ 60 ತೋರಿಸಿತು, ಫ್ಯೂಸೂ ಸರಿಯಿತ್ತು. ಎಬಿಎಸ್ ಮಾಡ್ಯೂಲಿನ ಕಪ್ಲರ್ ಬಿಚ್ಚಿದಾಗ ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು, ಮಳೆನೀರು ಒಳಗಿಳಿದಿತ್ತು. ಅದಕ್ಕೆ ಸೇರಿದ ಕವಲು ತಂತಿಯೂ ಒಂದು ಬೆರಳಿನಷ್ಟು ಕೊಳೆತಿತ್ತು. ಪಿನ್ ಬದಲಿಸಿ, ಕೊಳೆತ ತುಂಡನ್ನು ಕತ್ತರಿಸಿ, ಹೊಸ ತಂತಿ ಬೆಸೆದು, ಅದನ್ನು ಜೊತೆಯ ತಂತಿಯೊಂದಿಗೆ ಮತ್ತೆ ಹೊಸೆಯಬೇಕು. ಹೊಸೆಯದೆ ಬಿಟ್ಟಷ್ಟು ಉದ್ದಕ್ಕೂ ಗದ್ದಲ ಎರಡು ತಂತಿಗಳಿಗೂ ಸಮನಾಗಿ ತಾಕುವುದಿಲ್ಲ. ಆಮೇಲೆ ಕೋಡ್ ಅಳಿಸಿ, ಕಾರನ್ನು ಒಂದು ಸುತ್ತು ಓಡಿಸಿ, ಯು0121 ಮತ್ತೆ ಬಂತೇ ಎಂದು ಸ್ಕ್ಯಾನರಿನಲ್ಲಿ ಇನ್ನೊಮ್ಮೆ ನೋಡುತ್ತಾರೆ.