ಖಾಝಿಯ ದಫ್ತರದಲ್ಲಿ ಪಾತ್ರೆ-ಪಡಗ
(ಭಾಷಣದ ಲಿಖಿತ ರೂಪ)



ಉಸ್ಮಾನಿಯಾ ಸಾಮ್ರಾಜ್ಯ ಎಂದೊಡನೆ ನಿಮಗೆ ನೆನಪಾಗುವುದು 1453ರ ಕಾನ್ಸ್‌ಟಾಂಟಿನೋಪಲ್ ವಿಜಯ, ಸುಲ್ತಾನ್ ಸುಲೈಮಾನ್, ದಂಡಯಾತ್ರೆಗಳು. ಪರೀಕ್ಷೆಗೆ ಬರುವುದೂ ಅಷ್ಟೇ. ಆದರೆ ಆ ಕಾಲದ ಅಂಕಾರಾದಲ್ಲಿ ಒಬ್ಬ ಸಾಧಾರಣ ಗೃಹಸ್ಥನ ಮನೆಗೆ ಎಷ್ಟು ಕೋಣೆಗಳಿದ್ದವು? ಇಂಥ ಪ್ರಶ್ನೆಗಳಿಗಾಗಿಯೇ ಆಯುಷ್ಯದ ಬಹುಪಾಲನ್ನು ಮೀಸಲಿಟ್ಟವರು ಇತಿಹಾಸಜ್ಞೆ ಸುರಯ್ಯಾ ಫಾರೂಕಿ.

ಅವರು ಹುಟ್ಟಿದ್ದು 1941ರಲ್ಲಿ, ಬರ್ಲಿನ್‌ನಲ್ಲಿ. ತಂದೆ ಭಾರತೀಯರು, ತಾಯಿ ಜರ್ಮನ್. ಹ್ಯಾಂಬರ್ಗ್‌ನಲ್ಲಿ ಓದಿದರು, ಇಸ್ತಾಂಬುಲ್‌ನಲ್ಲಿ ಓಮರ್ ಲುತ್ಫಿ ಬರ್ಕನ್ ಅವರ ಶಿಷ್ಯೆಯಾದರು. 1971ರಿಂದ 1987ರವರೆಗೆ ಅಂಕಾರಾದಲ್ಲಿ, ಬಳಿಕ 2007ರವರೆಗೆ ಮ್ಯೂನಿಕ್‌ನಲ್ಲಿ ಪಾಠ ಹೇಳಿದರು.

ಗುರು ಬರ್ಕನ್ 1966ರಲ್ಲಿ ಎದಿರ್ನೆ ನಗರದ 'ತೆರೆಕೆ' ದಫ್ತರಗಳನ್ನು ಪ್ರಕಟಿಸಿದ್ದರು. ತೆರೆಕೆ ಎಂದರೆ ಮೃತರು ಬಿಟ್ಟುಹೋದ ಸೊತ್ತಿನ ಪಟ್ಟಿ. ವಾರಸುದಾರರಲ್ಲಿ ಚಿಕ್ಕ ಮಕ್ಕಳಿದ್ದರೆ ಅಥವಾ ತಕರಾರು ಎದ್ದರೆ ಖಾಝಿಯ ಕಡೆಯವರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ತಾಮ್ರದ ಪಾತ್ರೆ, ರಜಾಯಿ, ಹಳೆಯ ಅಂಗಿ, ಕಾಫಿ ಬಟ್ಟಲು, ಪ್ರತಿಯೊಂದಕ್ಕೂ ಬೆಲೆ ಕಟ್ಟಲಾಗುತ್ತಿತ್ತು. ಸಾಲ ಮತ್ತು ಪತ್ನಿಗೆ ಸಲ್ಲಬೇಕಾದ ಮಹ್ರ್ ಕಳೆದ ಮೇಲೆಯೇ ಪಾಲು. ಅನಾಥ ಮಗುವಿನ ಹಕ್ಕು ಕಾಯಲು ಬರೆದ ಕಾಗದ ಅದು, ಇತಿಹಾಸಕ್ಕೆಂದು ಬರೆದದ್ದಲ್ಲ. ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ನಂಬಿಕೆ.

ಫಾರೂಕಿಯವರು ಹಿಡಿದದ್ದು ಇನ್ನೊಂದು ಬಗೆಯ ದಾಖಲೆ: ಮನೆ ಮಾರಾಟದ ಪತ್ರಗಳು. 17ನೇ ಶತಮಾನದ ಅಂಕಾರಾ ಮತ್ತು ಕೈಸೇರಿ ಪಟ್ಟಣಗಳ ಇಂಥ ಪತ್ರಗಳನ್ನು ನ್ಯಾಯಾಲಯದ ದಫ್ತರಗಳಿಂದ ಒಂದೊಂದಾಗಿ ಹೆಕ್ಕಿ 1987ರಲ್ಲಿ ಗ್ರಂಥ ಬರೆದರು. ಕೋಣೆ, ಅಂಗಳ, ನೆರೆಯವರು ಯಾರು, ಬೆಲೆ ಎಷ್ಟು, ಎಲ್ಲ ಅಲ್ಲಿದೆ. ಮುಸ್ಲಿಮರ ನೆರೆಯಲ್ಲಿ ಕ್ರೈಸ್ತರ ಮನೆಗಳಿವೆ. ವಿದ್ಯಾರ್ಥಿನಿಯರು ಗಮನಿಸಬೇಕು: ತಮ್ಮ ಹೆಸರಿನಲ್ಲೇ ಮನೆ ಕೊಂಡ, ಮಾರಿದ ಸ್ತ್ರೀಯರೂ ಅಲ್ಲಿದ್ದಾರೆ. ಮುಸ್ಲಿಂ ಹೆಣ್ಣಿಗೆ ಆಸ್ತಿಯೇ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ವಾದಕ್ಕೆ ಇಳಿಯಬೇಡಿ, ಈ ಪತ್ರಗಳನ್ನು ತೋರಿಸಿ.

ಹಾಗೆಂದು ದಫ್ತರ ಎಲ್ಲವನ್ನೂ ಹೇಳುವುದಿಲ್ಲ. ಕಡುಬಡವರು ತೆರೆಕೆಯಲ್ಲಿ ಕಾಣಸಿಗುವುದು ಅಪರೂಪ. ಬದುಕಿದ್ದಾಗಲೇ ಮಗಳಿಗೆ ಕೊಟ್ಟ ಒಡವೆ ಪಟ್ಟಿಗೆ ಸೇರುವುದಿಲ್ಲ. ಪಟ್ಟಿ ಓದುವವರು ಅದರಲ್ಲಿ ಇಲ್ಲದ್ದನ್ನೂ ಕೇಳಬೇಕಾಗುತ್ತದೆ. ನಿಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ನಿಕಾಹ್‌ನಾಮಾ, ಕ್ರಯಪತ್ರ, ಅಂಗಡಿ ಲೆಕ್ಕವೂ ಇದೇ ಜಾತಿಯ ದಾಖಲೆಗಳು. ದಯವಿಟ್ಟು ರದ್ದಿಗೆ ಹಾಕಬೇಡಿ.

ಉಸ್ಮಾನಿಯಾ ಪೇಟೆಗಳಲ್ಲಿ ಭಾರತದ ಹತ್ತಿಬಟ್ಟೆಗೆ ಬಹಳ ಬೇಡಿಕೆಯಿತ್ತು. ತಂದೆಯ ನಾಡಿನ ಕಡೆಗೂ ಕೊನೆಗೆ ಫಾರೂಕಿಯವರ ದೃಷ್ಟಿ ಹೊರಳಿತು. ಉಸ್ಮಾನಿಯಾ ಮತ್ತು ಮೊಘಲ್ ಸಾಮ್ರಾಜ್ಯಗಳನ್ನು ಜೊತೆಗಿಟ್ಟು ನೋಡುವ ಅವರ ಗ್ರಂಥ ಹೊರಬಂದದ್ದು 2019ರಲ್ಲಿ, ಅವರಿಗೆ ಎಪ್ಪತ್ತೈದು ದಾಟಿದ ಮೇಲೆ.