ಯಂತ್ರಕ್ಕೆ ಕೆಲಸ, ಮನುಷ್ಯನಿಗೆ ಹೊಣೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಊರಿಗೆ ಬಂದಾಗಲೆಲ್ಲ "ಬೆಂಗಳೂರಲ್ಲಿ ನೀನು ಮಾಡೋ ಕೆಲಸ ಏನಪ್ಪಾ?" ಎಂದು ಕೇಳುತ್ತೀರಿ. "ಕಂಪ್ಯೂಟರ್ ಕೆಲಸ" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ಮೈಕನ್ನೇ ಕೈಗೆ ಕೊಟ್ಟಿದ್ದೀರಿ, ಸರಿಯಾಗಿ ಹೇಳಲೇಬೇಕು. ಕಚೇರಿಗಳಲ್ಲಿ ದಿನಾ ಒಂದೇ ರೀತಿ ನಡೆಯುವ ಕೆಲಸಗಳನ್ನು ಕಂಪ್ಯೂಟರಿಗೆ ಒಪ್ಪಿಸುವುದು ನನ್ನ ಉದ್ಯೋಗ. ಇದಕ್ಕೆ ಆಟೋಮೇಷನ್ ಎನ್ನುತ್ತಾರೆ. ದೂರದಿಂದ ಎಲ್ಲವೂ ಒಂದೇ ಥರ ಕಂಡರೂ ಇದರಲ್ಲಿ ಹಲವು ಬಗೆಗಳಿವೆ.

ಮೊದಲನೆಯದು ನಮ್ಮೂರ ಹಾಲಿನ ಡೈರಿಯಲ್ಲೇ ಇದೆ. ಹಾಲು ಸುರಿದರೆ ಯಂತ್ರ ತೂಕ ನೋಡುತ್ತದೆ, ಫ್ಯಾಟ್ ಅಳೆಯುತ್ತದೆ, ದರ ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ಇಲ್ಲಿ ನಿಯಮ ಮೊದಲೇ ಗೊತ್ತು. ಇಷ್ಟು ಫ್ಯಾಟಿಗೆ ಇಷ್ಟು ರೂಪಾಯಿ. ಯಂತ್ರ ಯೋಚಿಸುವುದಿಲ್ಲ, ಸೂತ್ರ ಹಾಕುತ್ತದೆ ಅಷ್ಟೆ.

ಎರಡನೆಯದು, ಕಡತವನ್ನು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಕ್ರಮವಾಗಿ ಸಾಗಿಸುವ ವ್ಯವಸ್ಥೆ. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯದಲ್ಲಿ 'ಭೂಮಿ' ಯೋಜನೆ ಬಂದು, ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಎಲ್ಲರೂ ನೆನೆಯುವುದು 15 ರೂಪಾಯಿಗೆ ಕೈಗೆ ಸಿಕ್ಕ ಅಚ್ಚಾದ ಪಹಣಿಯನ್ನು. ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಬೇರೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಇಟ್ಟರು. ಹಿಂದೆ ಬಂದವನ ಅರ್ಜಿ ಮುಂದೆ ಹೋಗುವುದು ಕಷ್ಟವಾಯಿತು. 2011ರ ಸಕಾಲ ಕಾಯ್ದೆ ಇದಕ್ಕೆ ಗಡಿಯಾರವನ್ನೂ ಕಟ್ಟಿತು. ಅರ್ಜಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು, ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಇಲ್ಲಿ ತೀರ್ಮಾನ ಮನುಷ್ಯನದೇ. ಕಾಗದ ಎಲ್ಲಿ ನಿಂತಿದೆ ಎಂಬುದನ್ನು ಮಾತ್ರ ಯಂತ್ರ ತೋರಿಸುತ್ತದೆ.

ಮೂರನೆಯದು, ಎರಡು ಕಂಪ್ಯೂಟರ್ ವ್ಯವಸ್ಥೆಗಳು ನೇರವಾಗಿ ಮಾತಾಡಿಕೊಳ್ಳುವುದು. ಉಪನೋಂದಣಾಧಿಕಾರಿ ಕಚೇರಿಯ 'ಕಾವೇರಿ'ಯಲ್ಲಿ ಕ್ರಯಪತ್ರ ನೋಂದಣಿಯಾದರೆ, ಆ ಮಾಹಿತಿ 'ಭೂಮಿ'ಗೆ ಹೋಗುತ್ತದೆ. ನಡುವೆ ಯಾರೂ ಮತ್ತೆ ಬರೆದುಕೊಳ್ಳಬೇಕಿಲ್ಲ.

ಹಾಗೆ ಮಾತಾಡಲು ಬಾರದ ಹಳೆಯ ವ್ಯವಸ್ಥೆಗಳೂ ಇವೆ. ಅವುಗಳಿಗಾಗಿ ಬಂದದ್ದು ನಾಲ್ಕನೆಯ ಬಗೆ, ಸಾಫ್ಟ್‌ವೇರ್ ರೋಬೋಟ್. ಇದಕ್ಕೆ ಕೈಕಾಲಿಲ್ಲ. ಗುಮಾಸ್ತರು ಮಾಡುವಂತೆಯೇ ಪರದೆ ತೆರೆದು, ಒಂದು ಕಡೆಯಿಂದ ಅಂಕಿ ತೆಗೆದು, ಇನ್ನೊಂದು ಕಡೆ ತುಂಬುತ್ತದೆ. ಊಟ ಬೇಡ, ರಜೆ ಬೇಡ. ಬುದ್ಧಿಯೂ ಇಲ್ಲ.

ಐದನೆಯದು ಈಗ ಎಲ್ಲರ ಬಾಯಲ್ಲಿರುವ ಎಐ. ಕೈಬರಹ ಓದುತ್ತದೆ, ಪತ್ರದ ಸಾರ ಹೇಳುತ್ತದೆ. ಆದರೆ ಅದು ಹೇಳುವುದು ಅಂದಾಜು. ಬಹಳ ಸಲ ಸರಿ, ಕೆಲವು ಸಲ ತಪ್ಪು. ತಪ್ಪಿದಾಗಲೂ ಅಷ್ಟೇ ಧೈರ್ಯದಿಂದ ಹೇಳುತ್ತದೆ.

ಈಗ ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಒಂದು ವಿಮಾ ಕಚೇರಿಗಾಗಿ ನಾಲ್ಕನೇ ಬಗೆಯ ರೋಬೋಟ್ ಬರೆದೆ. ಆಸ್ಪತ್ರೆಯ ಬಿಲ್ಲಿನ ಮೊತ್ತವನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ಸಾಗಿಸುವುದು ಅದರ ಕೆಲಸ. ಐದು ಜನ ದಿನವಿಡೀ ಮಾಡುತ್ತಿದ್ದುದನ್ನು ಅದು ಒಂದು ರಾತ್ರಿಯಲ್ಲಿ ಮುಗಿಸುತ್ತಿತ್ತು. ನನಗೆ ಚಪ್ಪಾಳೆ ಸಿಕ್ಕಿತು. ಒಂದು ರಾತ್ರಿ ಆ ಪರದೆಗೆ ಯಾರೋ ಹೊಸ ಕಾಲಂ ಒಂದನ್ನು ಸೇರಿಸಿದರು. ನನ್ನ ರೋಬೋಟಿಗೆ ಗೊತ್ತಿದ್ದದ್ದು 'ಆರನೇ ಮನೆ' ಎಂದಷ್ಟೇ. ಬೆಳಗಿನವರೆಗೂ ತುಂಬುತ್ತಲೇ ಇತ್ತು.

ಬೆಳಗ್ಗೆ ಅಲ್ಲಿನ ಹಿರಿಯ ಗುಮಾಸ್ತೆಯೊಬ್ಬರು ನನ್ನನ್ನು ಕರೆದರು. "ಇಲ್ಲಿ ನೋಡಿ ಸಾರ್, ಒಬ್ಬರ ಆಪರೇಷನ್ ಬಿಲ್ 62 ರೂಪಾಯಿ, ಇನ್ನೊಬ್ಬರದು 47. ಇದು ದುಡ್ಡಲ್ಲ, ಇವರ ವಯಸ್ಸು!" ಹಣ ಹೊರಡುವ ಮುನ್ನವೇ ಎಲ್ಲವನ್ನೂ ತಡೆದೆವು. ನನ್ನ ಎದೆ ಹೊಡೆದುಕೊಂಡದ್ದು ಅದಕ್ಕೆ ಮಾತ್ರವಲ್ಲ. ರೋಬೋಟ್ ಬಂದ ಮೇಲೆ ಯಾರ್ಯಾರ ಕುರ್ಚಿ ಬೇಡ ಎಂದು ನಾನೇ ತಯಾರಿಸಿಕೊಟ್ಟ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಅದು ಅವರಿಗೆ ಗೊತ್ತೂ ಇತ್ತು. ಆದರೂ ಕರೆದು ತೋರಿಸಿದರು.

ತಪ್ಪು ನನ್ನದು ಎಂದು ಬರೆದುಕೊಟ್ಟೆ. ಮೊತ್ತ ತೀರಾ ಕಡಿಮೆ ಬಂದರೆ ನಿಲ್ಲು ಎಂಬ ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಅನುಮಾನದ ಬಿಲ್ಲುಗಳನ್ನು ನೋಡಲು ಅವರನ್ನು ಉಳಿಸಿಕೊಂಡರು. ಉಳಿದ ನಾಲ್ವರಲ್ಲಿ ಇಬ್ಬರು ಬೇರೆ ವಿಭಾಗಕ್ಕೆ ಹೋದರು, ಇಬ್ಬರು ಕೆಲಸ ಬಿಟ್ಟರು. ಅದನ್ನು ಮುಚ್ಚಿಟ್ಟು ನಿಮ್ಮ ಮುಂದೆ ದೊಡ್ಡವನಾಗಲಾರೆ.

ನನ್ನ ತಪ್ಪು ಒಂದು ಬೆಳಗ್ಗೆಗೆ ಮುಗಿಯಿತು. ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ಪೋಸ್ಟ್ ಆಫೀಸ್ ಸಂಸ್ಥೆ 1999ರಲ್ಲಿ ತಂದ ಹೊರೈಜನ್ ಎಂಬ ತಂತ್ರಾಂಶದ ದೋಷಗಳಿಂದ, ಇಲ್ಲದ ಕೊರತೆ ಲೆಕ್ಕದಲ್ಲಿ ಕಾಣಿಸತೊಡಗಿತು. ಕಂಪ್ಯೂಟರ್ ಹೇಳಿದ್ದೇ ಸರಿ ಎಂದು ನಂಬಿದ್ದರಿಂದ, ಸಣ್ಣ ಅಂಚೆ ಕಚೇರಿಗಳನ್ನು ನಡೆಸುವ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು. ಕೆಲವರು ಜೈಲಿಗೂ ಹೋದರು. 2024ರಲ್ಲಿ ಅಲ್ಲಿನ ಸಂಸತ್ತು ವಿಶೇಷ ಕಾಯ್ದೆ ಮಾಡಿ ನೂರಾರು ಶಿಕ್ಷೆಗಳನ್ನು ರದ್ದುಪಡಿಸಿತು. ಅಲ್ಲಿ "ಇದು ಸರಿಯಿಲ್ಲ" ಎಂದವರ ಮಾತನ್ನು ಕೇಳುವವರೇ ಇರಲಿಲ್ಲ.

ಈ ಶಾಲೆಯ ಗಣಿತದ ಮೇಷ್ಟ್ರು ನಮಗೆ ಉತ್ತರ ಸರಿಯಿದ್ದರೂ ಹಂತ ಬರೆಯದಿದ್ದರೆ ಅಂಕ ಕೊಡುತ್ತಿರಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಈಗ ಯಾವ ಯಂತ್ರವನ್ನು ನೋಡಿದರೂ ನಾನು ಕೇಳುವುದು ಅದೇ. ಹಂತ ತೋರಿಸುತ್ತದೆಯೇ? ಅನುಮಾನ ಬಂದರೆ ನಿಲ್ಲುತ್ತದೆಯೇ? ತಪ್ಪಾದರೆ ಯಾರ ಬಾಗಿಲು ತಟ್ಟಬೇಕು?

ವಿದ್ಯಾರ್ಥಿಗಳೇ, ಯಂತ್ರಕ್ಕೆ ಹೆದರಬೇಡಿ, ಅದರ ಮೇಲೆ ಕಣ್ಣುಮುಚ್ಚಿ ನಂಬಿಕೆಯನ್ನೂ ಇಡಬೇಡಿ. 62 ರೂಪಾಯಿಗೆ ಆಪರೇಷನ್ ಆಗುವುದಿಲ್ಲ ಎಂದು ತಿಳಿಯಲು ಬಿಇ ಬೇಕಿಲ್ಲ. ಮಾಡುವ ಕೆಲಸ ಗೊತ್ತಿರಬೇಕು, ಹೇಳುವ ಧೈರ್ಯ ಇರಬೇಕು. ಊರಿನ ಹಿರಿಯರೇ, ಚೀಟಿಯಲ್ಲಿ ಬಂದ ಅಂಕಿ ಸರಿಯಿಲ್ಲ ಎನಿಸಿದರೆ "ಕಂಪ್ಯೂಟರ್ ಹೇಳಿದೆಯಲ್ಲ" ಎಂದು ಸುಮ್ಮನಾಗಬೇಡಿ. ಕೇಳಿ. ಕೇಳಿದರೆ ಉತ್ತರ ಕೊಡುವ ಹೊಣೆ ನನ್ನಂಥವರದು.

ಐವತ್ತು ವರ್ಷ ನಮ್ಮನ್ನು ತಿದ್ದಿದ ಈ ಶಾಲೆಗೆ ನಮಸ್ಕರಿಸಿ ಮಾತು ಮುಗಿಸುತ್ತೇನೆ.